ಹಸುರು ಶಾಲೆಗಳ ನೀರಿನ ಲೆಕ್ಕ

2008ರಲ್ಲಿ ದೇವನಹಳ್ಳಿಯ ಬಳಿ ವಿಮಾನ ನಿಲ್ದಾಣವು ನೆಲೆಗೊಂಡಂದಿನಿಂದ, ಅದುವರೆಗೆ ರಾಗಿ, ದ್ರಾಕ್ಷಿ, ಹಿಪ್ಪುನೇರಳೆಗಳ ಮಾತನ್ನು ಬಿಟ್ಟು ಬೇರೆ ಮಾತನ್ನು ಅಷ್ಟಾಗಿ ಆಡದಿದ್ದ ಚಿಕ್ಕಬಳ್ಳಾಪುರದ ಸೀಮೆಯಲ್ಲಿ ನೆಲದ ಬೆಲೆಯ ಮಾತು ಮೊದಲಾಗಿ, ಆ ನೆಲದ ಮೇಲೆ ಬಡಾವಣೆಗಳೂ ವಿಹಾರಧಾಮಗಳೂ ವಿದ್ಯಾಸಂಸ್ಥೆಗಳೂ ಒಂದರ ಹಿಂದೊಂದರಂತೆ ಎದ್ದು ನಿಂತುದನ್ನು ನಾವೆಲ್ಲರೂ ಕಂಡಿದ್ದೇವೆ. ಈಚೆಗೆ ಆ ಸಾಲಿಗೆ, ಪರಿಸರಸಂರಕ್ಷಣೆಯೇ ತಮ್ಮ ಶಿಕ್ಷಣದ ಆಧಾರಶಿಲೆಯೆಂದು ಸಾರಿಕೊಳ್ಳುವ ಖಾಸಗಿ ಶಾಲೆಗಳ ಮಾತೂ ಸೇರಿಕೊಂಡಿದೆ. ಮಣ್ಣಿನ ಇಟ್ಟಿಗೆಯ ಗೋಡೆ, ಬಿಸಿಲಿನಿಂದ ಉರಿಯುವ ದೀಪ, ಮಕ್ಕಳೇ ಬೆಳೆದ ತರಕಾರಿಯ ಊಟ, ಪ್ಲಾಸ್ಟಿಕ್ಕಿಗೆ ನಿಷೇಧ, ಮಳೆಯ ನೀರಿಗೆ ತೊಟ್ಟಿ, ಇವೆಲ್ಲ ಅಂಥ ಶಾಲೆಯ ಲಕ್ಷಣಗಳು. ನಗರದ ಹೊಗೆಯಲ್ಲಿ ಬೆಳೆದ ಮಗು ಮರದ ನೆರಳಿನಲ್ಲಿ ಕುಳಿತು ಪಾಠ ಕೇಳಲೆಂದು ತಂದೆತಾಯಿಗಳು ಹಂಬಲಿಸುವುದು ಸಹಜವಾದುದೇ ಆಗಿದೆ; ಅದನ್ನು ಪರಿಹಾಸ್ಯ ಮಾಡುವವರ ಗುಂಪಿಗೆ ಸೇರುವ ಮನಸ್ಸು ನನಗಿಲ್ಲ. 1901ರಲ್ಲಿ ಶಾಂತಿನಿಕೇತನದ ಬಯಲಿನಲ್ಲಿ ಶಾಲೆಯನ್ನು ತೆರೆದ ಕವಿ ರವೀಂದ್ರರ ಹಂಬಲವೂ ಬಹುಮಟ್ಟಿಗೆ ಇದೇ ಆಗಿತ್ತು.

ಆದರೆ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳಂಥ ತಾಲ್ಲೂಕುಗಳಲ್ಲಿ ಇಂಥ ಶಾಲೆಯೊಂದು ಬೇಲಿ ಹಾಕಿಕೊಂಡು ಬಾಗಿಲು ತೆರೆದಾಗ, ಅದರ ಪಠ್ಯಕ್ರಮವನ್ನು ವಿಚಾರಿಸುವುದಕ್ಕೆ ಮುಂಚೆ ಕೇಳತಕ್ಕ ಪ್ರಶ್ನೆಯೊಂದಿದೆ: ಅದರ ನೀರು ಎಲ್ಲಿಂದ ಬರುತ್ತದೆ, ಬಳಸಿದ ಮೇಲೆ ಎಲ್ಲಿಗೆ ಹೋಗುತ್ತದೆ, ಈ ಬರುವುದರಿಂದಲೂ ಹೋಗುವುದರಿಂದಲೂ ಕೆಳಗಿನ ಊರಿಗೆ ಆಗುವುದೇನು?

ಈ ಸೀಮೆಯ ವಿಧಿ ವಿಚಿತ್ರವಾದುದು. ನಂದಿಯ ಗಿರಿಶ್ರೇಣಿಯಲ್ಲಿ ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಅರ್ಕಾವತಿಗಳು ಹುಟ್ಟುತ್ತವೆ. ಚಿತ್ರಾವತಿ, ಪಾಪಘ್ನಿಗಳಿಗೂ ಇದೇ ಜಿಲ್ಲೆ ತವರು. ಇಷ್ಟು ನದಿಗಳನ್ನು ಹೆತ್ತ ನೆಲದಲ್ಲಿ ವರ್ಷವಿಡೀ ಹರಿಯುವ ನದಿ ಒಂದೂ ಇಲ್ಲ. ವರ್ಷಕ್ಕೆ 700 ಮಿಲಿಮೀಟರಿನ ಆಚೀಚೆ, ಅದೂ ಕೆಲವೇ ದಿನಗಳಲ್ಲಿ ಧೋ ಎಂದು ಸುರಿದು ಹೋಗುವ ಮಳೆಯನ್ನು ಹಿಡಿದಿಡುವುದಕ್ಕಾಗಿ ಪೂರ್ವಿಕರು ಬೆಟ್ಟದ ಬುಡದಿಂದ ಬಯಲಿನವರೆಗೆ ಕೆರೆಯ ಕೆಳಗೊಂದು ಕೆರೆಯಂತೆ ಕಟ್ಟುತ್ತ ಹೋಗಿ, ಮೇಲಣ ಕೆರೆಯ ಕೋಡಿಯ ನೀರು ಕೆಳಗಣ ಕೆರೆಯ ಒಡಲನ್ನು ತುಂಬುವಂತೆ ಏರ್ಪಡಿಸಿ, ತೂಬನ್ನು ಎತ್ತಿ ಇಳಿಸುವ ಅಧಿಕಾರವನ್ನು ನೀರುಗಂಟಿಯ ಕೈಗೆ ಕೊಟ್ಟು, ಅವನಿಗೆ ಊರಿನ ಫಸಲಿನಲ್ಲಿ ಪಾಲನ್ನು ಗೊತ್ತುಮಾಡಿದ್ದರು. ಆ ವ್ಯವಸ್ಥೆ ನ್ಯಾಯದ ಪರಾಕಾಷ್ಠೆಯಾಗಿತ್ತೆಂದು ನಾನು ಹೇಳಲಾರೆ. ಅಚ್ಚುಕಟ್ಟಿನಲ್ಲಿ ಗದ್ದೆಯಿಲ್ಲದವನಿಗೆ ಕೆರೆಯ ನೀರು ಕಣ್ಣಿಗೆ ಕಂಡಷ್ಟೇ ಭಾಗ್ಯವಾಗಿತ್ತು. ಆದರೂ ಮೇಲಿನ ಊರಿನವರು ಮಾಡಿದ್ದರ ಫಲವನ್ನು ಕೆಳಗಿನ ಊರಿನವರು ಉಣ್ಣಬೇಕಾಗುವುದೆಂಬ ಪಾಠವನ್ನು ಅದು ಪ್ರತಿಯೊಂದು ಮಳೆಗಾಲದಲ್ಲಿಯೂ ಎಲ್ಲರಿಗೂ ಕಲಿಸುತ್ತಿತ್ತು.

ಕೊಳವೆಬಾವಿಯು ಬಂದುದರೊಡನೆ ಆ ಪಾಠ ಮರೆತುಹೋಯಿತು. ಮೊದಲು ಇನ್ನೂರು ಅಡಿ, ಬಳಿಕ ಐನೂರು, ಈಗ ಸಾವಿರವನ್ನೂ ಮೀರಿ ಇಳಿದರೂ ಧೂಳೇ ಬರುವ ಬಾವಿಗಳುಂಟು. ಅಂತರ್ಜಲವನ್ನು ಅಳೆಯುವವರ ವರದಿಗಳಲ್ಲಿ ಈ ತಾಲ್ಲೂಕುಗಳ ಹೆಸರು ಅತಿಬಳಕೆಯ ಪಟ್ಟಿಯಲ್ಲಿ ಖಾಯಂ ಆಗಿ ನಿಂತುಬಿಟ್ಟಿದೆ. ಆಳದ ಬಂಡೆಗಳ ಸಂಧಿಯಿಂದ ಬರುವ ನೀರು ಫ್ಲೋರೈಡನ್ನು ಹೊತ್ತು ತರುತ್ತದೆ. ಹಲ್ಲು ಕಂದುಗಟ್ಟಿದ ಮಕ್ಕಳನ್ನೂ ಕೀಲು ಸೆಟೆದ ಮುದುಕರನ್ನೂ ಗೌರಿಬಿದನೂರು, ಬಾಗೇಪಲ್ಲಿಗಳ ಕಡೆಯ ಹಳ್ಳಿಗಳಲ್ಲಿ ಹುಡುಕಿಕೊಂಡು ಹೋಗಬೇಕಾದುದಿಲ್ಲ. ಇವೆಲ್ಲದರ ಮೇಲೆ ಈಗ ಹೊಸದೊಂದು ಜಲಸಂಬಂಧ ಏರ್ಪಟ್ಟಿದೆ. ಹೆಬ್ಬಾಳ ನಾಗವಾರ ಕಣಿವೆಯ ಯೋಜನೆಯಂತೆ, ಬೆಂಗಳೂರಿನವರು ಬಳಸಿ ಬಿಟ್ಟ ನೀರನ್ನು ಎರಡನೆಯ ಹಂತದವರೆಗೆ ಶುದ್ಧೀಕರಿಸಿ, ದಿನಕ್ಕೆ 210 ದಶಲಕ್ಷ ಲೀಟರುಗಳ ಪ್ರಮಾಣದಲ್ಲಿ ಕೊಳವೆಯ ಮೂಲಕ ತಂದು 65 ಕೆರೆಗಳನ್ನು ತುಂಬಿಸುವ ಉದ್ದೇಶವಿದೆ; ಅವುಗಳಲ್ಲಿ ಬಹುಪಾಲು ಕೆರೆಗಳು ನಮ್ಮ ಕಡೆಯವು. ಮೂರನೆಯ ಹಂತದ ಶುದ್ಧೀಕರಣವಿಲ್ಲದೆ ಈ ನೀರು ಬೇಡವೆಂದು ಶಾಶ್ವತ ನೀರಾವರಿಯ ಹೋರಾಟಗಾರರು ವರ್ಷಗಟ್ಟಲೆ ಕೂಗಿಕೊಂಡರು. ಬತ್ತಿದ ಬಾವಿಗಳಲ್ಲಿ ನೀರು ಕಂಡ ರೈತರು ಬಂದಷ್ಟೂ ಬರಲೆಂದರು. ಇಬ್ಬರ ಮಾತಿನಲ್ಲಿಯೂ ಸತ್ಯವಿದೆ. ಒಟ್ಟಿನಲ್ಲಿ ರಾಜಧಾನಿಯು ತನ್ನ ಕೊಳೆಯ ನೀರನ್ನು ಕೊಳವೆಯಲ್ಲಿ ಕಳುಹಿಸುವ ಸೀಮೆಗೇ ತನ್ನ ಮಕ್ಕಳನ್ನು ಬಸ್ಸಿನಲ್ಲಿ ಪರಿಸರದ ಪಾಠಕ್ಕೆ ಕಳುಹಿಸಬಯಸುತ್ತಿರುವುದು ಇಂದಿನ ಸ್ಥಿತಿ. ಆ ಮಕ್ಕಳಿಗೆ ಯಾರಾದರೂ ಈ ಕೆರೆಗಳನ್ನು ತೋರಿಸಿ, ಇದು ನಿಮ್ಮ ಮನೆಯ ನೀರು ಎಂದು ಹೇಳಿಯಾರೆ?

ಪರಿಸರವನ್ನು ನಿಜವಾಗಿ ಜೀವಾಳವಾಗಿಸಿಕೊಂಡ ಖಾಸಗಿ ಶಾಲೆ ಹೇಗಿರಬಹುದೆಂಬುದಕ್ಕೆ ಉದಾಹರಣೆಯನ್ನು ಹುಡುಕಿಕೊಂಡು ಬಾಲಿ ದ್ವೀಪದಲ್ಲಿ 2008ರಲ್ಲಿ ತೆರೆದ ಬಿದಿರಿನ ಶಾಲೆಯವರೆಗೆ ಹೋಗಬೇಕಾದುದಿಲ್ಲ. ಚಿಂತಾಮಣಿಯಿಂದ ಮದನಪಲ್ಲಿಯ ಬಸ್ಸು ಹತ್ತಿದರೆ ಸಾಕು. ರಾಜ್ಯದ ಗಡಿಯನ್ನು ದಾಟಿದ ಮೇಲೆಯೂ ಅದೇ ಬಂಡೆಗುಡ್ಡ, ಅದೇ ಕೆಮ್ಮಣ್ಣು, ಅದೇ ಕಡಲೆಕಾಯಿಯ ಹೊಲ, ಅದೇ ಬರ. ಮದನಪಲ್ಲಿಯಲ್ಲಿ 1895ರಲ್ಲಿ ಹುಟ್ಟಿದ ಜಿಡ್ಡು ಕೃಷ್ಣಮೂರ್ತಿಯವರು, ತಮ್ಮ ಜನ್ಮಸ್ಥಳಕ್ಕೆ ಸಮೀಪದ ಕಣಿವೆಯೊಂದರಲ್ಲಿ ಮಹಾವಟವೃಕ್ಷವೊಂದನ್ನು ಕಂಡು, ಇಲ್ಲಿಯೇ ಶಾಲೆಯಾಗಬೇಕೆಂದು 1926ರಲ್ಲಿ ಸಂಕಲ್ಪ ಮಾಡಿದುದರ ಫಲವೇ ರಿಷಿ ವ್ಯಾಲಿ ಶಾಲೆ. ಆಗ ಅಲ್ಲಿದ್ದುದು ಬೋಳು ನೆಲ, ದನ ಮೇದು ಸವೆದ ಗುಡ್ಡ. ಮಳೆ ನಮ್ಮಲ್ಲಿ ಬಿದ್ದಷ್ಟೇ. ದಶಕಗಳ ಕಾಲ ಆ ಶಾಲೆಯವರು ಗಿಡ ನೆಟ್ಟರು, ಇಳಿಜಾರುಗಳಿಗೆ ಒಡ್ಡು ಹಾಕಿದರು, ಇಂಗುಕೆರೆ ತೋಡಿದರು. ಅದಕ್ಕಿಂತ ಮುಖ್ಯವಾಗಿ, ಮೇಯಿಸುವುದನ್ನೂ ಕಡಿಯುವುದನ್ನೂ ತಡೆದು ನೆಲಕ್ಕೆ ಅದರ ಪಾಡಿಗೆ ಅದು ಚೇತರಿಸಿಕೊಳ್ಳುವ ಅವಕಾಶವನ್ನು ಕೊಟ್ಟರು. ಅಲ್ಲಿಯ ಹಕ್ಕಿಗಳನ್ನು ವರ್ಷಗಟ್ಟಲೆ ಗುರುತಿಸುತ್ತ ಬಂದವರ ಪಟ್ಟಿಯಲ್ಲಿ ಇನ್ನೂರಕ್ಕೆ ಮೀರಿದ ಜಾತಿಗಳಿವೆ. 1991ರಲ್ಲಿ ಆ ಕಣಿವೆಯನ್ನು ಪಕ್ಷಿಸಂರಕ್ಷಣೆಯ ತಾಣವೆಂದು ಘೋಷಿಸಲಾಯಿತು.

ಆ ಹಕ್ಕಿಗಳಲ್ಲಿ ಒಂದರ ಮಾತನ್ನು ಇಲ್ಲಿ ಹೇಳದೆ ಮುಂದೆ ಹೋಗಲಾರೆ. ಹಳದಿ ಗಂಟಲಿನ ಪಿಕಳಾರವೆಂಬುದು ದಕ್ಷಿಣ ಭಾರತದ ಬಂಡೆಗುಡ್ಡಗಳನ್ನು ಬಿಟ್ಟರೆ ಜಗತ್ತಿನಲ್ಲಿ ಮತ್ತೆಲ್ಲಿಯೂ ಇಲ್ಲದ ಹಕ್ಕಿ. ಅದು ನಂದಿಬೆಟ್ಟದಲ್ಲಿಯೂ ಇದೆ, ರಿಷಿ ವ್ಯಾಲಿಯ ಆಸುಪಾಸಿನಲ್ಲಿಯೂ ಇದೆ. ಅದಕ್ಕೆ ಬೇಕಾದುದು ದೊಡ್ಡ ಮರಗಳ ತೋಪಲ್ಲ, ಹುಲ್ಲುಹಾಸಂತೂ ಅಲ್ಲವೇ ಅಲ್ಲ; ಬಂಡೆಯ ಸಂದಿನಲ್ಲಿ ಬೆಳೆಯುವ ಮುಳ್ಳುಪೊದೆ, ಕಾಡುಹಣ್ಣು, ನಾವು ಪಾಳು ನೆಲವೆಂದು ಹೆಸರಿಟ್ಟು ಗಣಿಗೆ ಗುತ್ತಿಗೆ ಕೊಡುವ ಕುರುಚಲು. 2021ರ ಫೆಬ್ರವರಿಯಲ್ಲಿ ಪೆರೇಸಂದ್ರದ ಸಮೀಪ ಹಿರೇನಾಗವಲ್ಲಿಯಲ್ಲಿ ಕಲ್ಲುಗಣಿಗೆಂದು ತಂದ ಸಿಡಿಮದ್ದು ಸ್ಫೋಟಿಸಿ ಆರು ಮಂದಿ ಸತ್ತರು. ಆ ಮೇಲೆ ಕೆಲವು ಕಾಲ ಗಣಿಗಳ ಮಾತು ನಡೆದು ಆರಿಹೋಯಿತು; ಗುಡ್ಡಗಳು ಮಾತ್ರ ಕರಗುತ್ತಲೇ ಇವೆ. ಹಸುರು ಎಂದರೆ ಹುಲ್ಲುಹಾಸು, ಸಾಲುಗಿಡ, ಕಾರಂಜಿ ಎಂದು ತಿಳಿದ ಶಾಲೆಯು ಇಪ್ಪತ್ತು ಎಕರೆ ಕುರುಚಲನ್ನು ಬುಲ್ಡೋಜರಿನಿಂದ ಸಮಮಾಡಿ ಅದರ ಮೇಲೆ ಪರಿಸರ ದಿನವನ್ನು ಆಚರಿಸಬಲ್ಲುದು, ತಾನು ತಪ್ಪು ಮಾಡಿದೆನೆಂಬ ಅರಿವು ಕೂಡ ಅದಕ್ಕೆ ಆಗದಿರಬಹುದು. ನೀಲಗಿರಿಯ ವಿಷಯದಲ್ಲಿ ಸರ್ಕಾರವೇ ಮೋಸ ಹೋಗಿತ್ತಲ್ಲವೆ? ಸಾಮಾಜಿಕ ಅರಣ್ಯದ ಹೆಸರಿನಲ್ಲಿ ಹಳೆಯ ಕೋಲಾರ ಜಿಲ್ಲೆಯ ಹೊಲಹೊಲಗಳಲ್ಲಿ ಅದನ್ನು ಬೆಳೆಸಲು ಉತ್ತೇಜನವಿತ್ತು, ಕೊನೆಗೆ 2017ರಲ್ಲಿ ಹೊಸದಾಗಿ ನೆಡಕೂಡದೆಂದು ಆಜ್ಞೆ ಮಾಡಬೇಕಾಯಿತು.

ಇಷ್ಟಾದರೂ ರಿಷಿ ವ್ಯಾಲಿಯನ್ನು ನಾನು ಇಲ್ಲಿ ಉದಾಹರಿಸುವುದು ಅದರ ಮರಗಳಿಗಾಗಿಯೂ ಅಲ್ಲ, ಹಕ್ಕಿಗಳಿಗಾಗಿಯೂ ಅಲ್ಲ. ಅದು ಉಳ್ಳವರ ಮಕ್ಕಳ ವಸತಿಶಾಲೆ. ಅದರ ಶುಲ್ಕವನ್ನು ನಮ್ಮ ಸೀಮೆಯ ಸಾಮಾನ್ಯ ರೈತನು ತೆರಲಾರನು. ಅಷ್ಟರಲ್ಲಿಯೇ ಅದು ನಿಂತಿದ್ದಿದ್ದರೆ ಚೆಲುವಾದ ತೋಟವೊಂದರ ನಡುವೆ ಇರುವ ಒಳ್ಳೆಯ ಶಾಲೆಯೆಂದು ಒಂದು ವಾಕ್ಯದಲ್ಲಿ ಹೇಳಿ ಮುಗಿಸಬಹುದಾಗಿತ್ತು. ಆದರೆ 1980ರ ದಶಕದಲ್ಲಿ ಅಲ್ಲಿ ಬೇರೊಂದು ಕಾರ್ಯ ಪ್ರಾರಂಭವಾಯಿತು. ಸುತ್ತಣ ಹಳ್ಳಿಗಳಲ್ಲಿ ಒಬ್ಬನೇ ಉಪಾಧ್ಯಾಯ, ಒಂದೇ ಕೊಠಡಿ, ಐದು ಬಗೆಯ ವಯಸ್ಸಿನ ಮಕ್ಕಳು. ಕುರಿ ಕಾಯುವುದಕ್ಕೋ ಕಡಲೆಕಾಯಿ ಬಿಡಿಸುವುದಕ್ಕೋ ವಾರಗಟ್ಟಲೆ ತಪ್ಪಿಸಿಕೊಂಡು ಮರಳಿ ಬಂದ ಮಗುವಿಗೆ ಪಾಠ ಎಲ್ಲಿಯೋ ಮುಂದೆ ಹೋಗಿಬಿಟ್ಟಿರುತ್ತಿತ್ತು. ಇದನ್ನು ಕಂಡು ಪದ್ಮನಾಭ ರಾವ್ ಮತ್ತು ರಮಾ ದಂಪತಿಗಳು, ಶಾಲೆಯ ಗ್ರಾಮೀಣ ಶಿಕ್ಷಣ ಕೇಂದ್ರದ ಮೂಲಕ, ಹಳ್ಳಿಯ ಯುವಕ ಯುವತಿಯರನ್ನೇ ಉಪಾಧ್ಯಾಯರನ್ನಾಗಿ ತಯಾರುಮಾಡಿ, ಕಲಿಕೆಯನ್ನು ಚಿಕ್ಕ ಚಿಕ್ಕ ಮೆಟ್ಟಿಲುಗಳಾಗಿ ಒಡೆದು, ಚೀಟಿಗಳಲ್ಲಿ ಬರೆದು, ಪ್ರತಿಯೊಂದು ಮಗುವೂ ತಾನು ಬಿಟ್ಟ ಮೆಟ್ಟಿಲಿನಿಂದಲೇ ಮತ್ತೆ ಹತ್ತುವಂತೆ ಒಂದು ಕ್ರಮವನ್ನು ರೂಪಿಸಿದರು. ಮಾತೃಭಾಷೆಯಲ್ಲಿ, ಊರಿನ ಕಥೆ, ಊರಿನ ಗಿಡ, ಊರಿನ ಪದಗಳನ್ನು ಬಳಸಿ ಆ ಚೀಟಿಗಳನ್ನು ಬರೆದರು. ಚಿಕ್ಕ ಚಿಕ್ಕ ಉಪಶಾಲೆಗಳು ಆ ಕಣಿವೆಯ ಹಳ್ಳಿಗಳಲ್ಲಿ ಎದ್ದುವು. ಅವುಗಳ ಸುತ್ತಲೂ ಗಿಡಗಳೆದ್ದುವು.

1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯ ಸರ್ಕಾರಿ ಶಾಲೆಗಳ ಉಪಾಧ್ಯಾಯರ ತಂಡವೊಂದು ಅಲ್ಲಿಗೆ ಹೋಗಿ ಈ ಕ್ರಮವನ್ನು ನೋಡಿ ಬಂದಿತು. ನೋಡಿದ್ದನ್ನು ಹಾಗೆಯೇ ನಕಲು ಮಾಡದೆ, ತಮ್ಮ ಕಾಡಂಚಿನ ಮಕ್ಕಳಿಗೆ ಒಪ್ಪುವಂತೆ ಹಾಡು, ಆಟ, ಕಥೆಗಳನ್ನು ಬೆರೆಸಿ, ಕಲಿಕಾ ಏಣಿಯನ್ನೂ ಮೈಲಿಗಲ್ಲುಗಳನ್ನೂ ತಾವೇ ರಚಿಸಿಕೊಂಡರು. ಅದೇ ನಲಿ-ಕಲಿ. 2009-10ರಲ್ಲಿ ರಾಜ್ಯದ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳ ಒಂದು, ಎರಡನೆಯ ತರಗತಿಗಳಿಗೆಲ್ಲ ಅದು ವಿಸ್ತರಿಸಿತು. ಅಂದರೆ ಇಂದು ಗೌರಿಬಿದನೂರಿನ ಮೂಲೆಯ ಹಳ್ಳಿಯೊಂದರಲ್ಲಿ ಹಗ್ಗಕ್ಕೆ ತೂಗುಹಾಕಿದ ಬಣ್ಣದ ಚಿತ್ರಗಳ ಕೆಳಗೆ ವೃತ್ತಾಕಾರವಾಗಿ ಕುಳಿತು ಅಕ್ಷರ ಕಲಿಯುತ್ತಿರುವ ಮಗುವಿಗೂ, ಶುಲ್ಕ ತೆತ್ತು ರಿಷಿ ವ್ಯಾಲಿಯಲ್ಲಿ ಓದುವ ಮಗುವಿಗೂ ನಡುವೆ ಒಂದು ಋಣಾನುಬಂಧವುಂಟು. ನಲಿ-ಕಲಿ ಎಲ್ಲ ಕಡೆಯೂ ಅದರ ಮೂಲಚೈತನ್ಯದಲ್ಲಿಯೇ ನಡೆಯುತ್ತಿದೆಯೆಂದು ನಾನು ಹೇಳುವುದಿಲ್ಲ; ಏಣಿಯ ಮೆಟ್ಟಿಲುಗಳನ್ನು ಹಳೆಯ ಬಾಯಿಪಾಠದಂತೆಯೇ ಒಪ್ಪಿಸುವ ಶಾಲೆಗಳೂ ಇವೆ, ಕಾರ್ಡುಗಳನ್ನು ಬೀರುವಿನಲ್ಲಿ ಬೀಗ ಹಾಕಿಟ್ಟವರೂ ಇದ್ದಾರೆ. ಅದೇನೇ ಇರಲಿ, ಖಾಸಗಿ ಶಾಲೆಯೊಂದರ ಆವರಣದಲ್ಲಿ ಹುಟ್ಟಿದ ವಿದ್ಯೆಯು ಶುಲ್ಕವಿಲ್ಲದೆ ಸಾರ್ವಜನಿಕರ ಸ್ವತ್ತಾದುದಕ್ಕೆ ಇದಕ್ಕಿಂತ ದೊಡ್ಡ ನಿದರ್ಶನವು ಕರ್ನಾಟಕದ ಮಟ್ಟಿಗೆ ನನಗೆ ಕಾಣದು. ರವೀಂದ್ರರಿಗೂ ಶಾಂತಿನಿಕೇತನ ಒಂದರಿಂದಲೇ ತೃಪ್ತಿಯಾಗಲಿಲ್ಲ; ಪಕ್ಕದ ಸುರುಲ್ ಗ್ರಾಮದಲ್ಲಿ 1922ರಲ್ಲಿ ಗ್ರಾಮಪುನರ್ನಿರ್ಮಾಣಕ್ಕಾಗಿ ಶ್ರೀನಿಕೇತನವನ್ನು ಸ್ಥಾಪಿಸಿದ ಮೇಲೆಯೇ ಅವರ ಕಲ್ಪನೆ ಪೂರ್ಣವಾದುದು.

ಈಗ ನೀರಿನ ಲೆಕ್ಕಕ್ಕೆ ಬರೋಣ. ಮುದ್ದೇನಹಳ್ಳಿಯಲ್ಲಿ ಹುಟ್ಟಿ, ಚಿಕ್ಕಬಳ್ಳಾಪುರದ ಶಾಲೆಯಲ್ಲಿ ಅಕ್ಷರ ಕಲಿತ ವಿಶ್ವೇಶ್ವರಯ್ಯನವರ ನಾಡಿನಲ್ಲಿ ಲೆಕ್ಕಕ್ಕೆ ಅಂಜಬೇಕಾದುದಿಲ್ಲ. ಹಗಲು ಶಾಲೆಯಲ್ಲಿ ತಲೆಗೆ ದಿನಕ್ಕೆ 45 ಲೀಟರು, ವಸತಿಶಾಲೆಯಲ್ಲಿ 135 ಲೀಟರು ಎಂಬುದು ಕಟ್ಟಡ ಕಟ್ಟುವವರು ಅನುಸರಿಸುವ ರಾಷ್ಟ್ರೀಯ ಮಾನ. ಐನೂರು ಮಕ್ಕಳ ಹಗಲು ಶಾಲೆಗೆ ದಿನಕ್ಕೆ 22,500 ಲೀಟರು ಬೇಕು. 220 ದಿನಗಳಿಗೆ ನಲವತ್ತೊಂಬತ್ತೂವರೆ ಲಕ್ಷ. ಸಾವಿರ ಚದರ ಮೀಟರಿನ ಚಾವಣಿಯ ಮೇಲೆ 700 ಮಿಲಿಮೀಟರು ಮಳೆ ಬಿದ್ದರೆ ಏಳು ಲಕ್ಷ ಲೀಟರು; ಆವಿಯಾಗಿಯೂ ಸೋರಿಯೂ ಐದರಲ್ಲೊಂದು ಪಾಲು ಹೋಯಿತೆಂದರೆ ಉಳಿಯುವುದು ಐದು ಲಕ್ಷ ಅರವತ್ತು ಸಾವಿರ. ಅಷ್ಟು ನೀರು ಆ ಶಾಲೆಗೆ ಇಪ್ಪತ್ತೈದು ದಿನಕ್ಕೆ ಸರಿಹೋಗುತ್ತದೆ. ಮಳೆಕೊಯ್ಲಿನ ತೊಟ್ಟಿಯ ಮುಂದೆ ಮಕ್ಕಳನ್ನು ನಿಲ್ಲಿಸಿ ಛಾಯಾಚಿತ್ರ ತೆಗೆಯುವ ಶಾಲೆಯು, ಮಿಕ್ಕ ದಿನಗಳ ನೀರನ್ನು ಸಾವಿರ ಅಡಿಯ ಕೆಳಗಿನಿಂದ ಎತ್ತುತ್ತಿದೆಯೋ ಟ್ಯಾಂಕರಿನಿಂದ ಕೊಳ್ಳುತ್ತಿದೆಯೋ ಎಂಬುದನ್ನೂ ಅದೇ ತೊಟ್ಟಿಯ ಪಕ್ಕದಲ್ಲಿ ಬರೆಯಿಸಬೇಡವೆ?

ವಸತಿಶಾಲೆಯ ಲೆಕ್ಕ ಇನ್ನೂ ಜಟಿಲವಾದುದು. ಐನೂರು ಮಕ್ಕಳು ವರ್ಷದಲ್ಲಿ 250 ದಿನ ಅಲ್ಲಿಯೇ ಇದ್ದರೆ ಸುಮಾರು 1 ಕೋಟಿ 69 ಲಕ್ಷ ಲೀಟರು ಬೇಕು. ಒಂದು ಎಕರೆಯ ಮೇಲೆ ಬೀಳುವ ವರ್ಷದ ಮಳೆ ಇಪ್ಪತ್ತೆಂಟು ಲಕ್ಷ ಲೀಟರಿಗೆ ಸ್ವಲ್ಪ ಹೆಚ್ಚು. ಆರು ಎಕರೆಯ ಮಳೆಯನ್ನೆಲ್ಲ ಒಂದು ಹನಿಯೂ ಹೋಗದಂತೆ ಹಿಡಿದರೆ ಶಾಲೆಯ ಖರ್ಚು ನಡೆಯುತ್ತದೆ. ಇಪ್ಪತ್ತು ಎಕರೆಯ ಒಡೆಯರಿಗೆ ಅದು ಅಸಾಧ್ಯವೇನಲ್ಲ. ಹೊಂಡ ತೋಡಿ, ಒಡ್ಡು ಹಾಕಿ, ಸ್ವಾವಲಂಬಿಗಳಾದೆವೆಂದು ಅವರು ಹೆಮ್ಮೆಪಡಬಹುದು. ಆದರೆ ಆ ಇಪ್ಪತ್ತು ಎಕರೆಯ ಮೇಲಿನಿಂದ ಹರಿದು, ಕಾಲುವೆ ಸೇರಿ, ಕೆಳಗಿನ ಊರಿನ ಕೆರೆಯನ್ನು ಮುಟ್ಟುತ್ತಿದ್ದ ನೀರೂ ಅದೇ ಅಲ್ಲವೆ? ಮೇಲಿನವನು ಒಂದು ಹನಿಯನ್ನೂ ಪೋಲು ಮಾಡದೆ ಹಿಡಿದುದರಿಂದಲೇ ಕೆಳಗಿನ ಕೆರೆ ಕೋಡಿ ಬೀಳದೆ ಹೋಗಬಹುದು. ಒಂದು ಶಾಲೆಯಿಂದ ಕೆರೆ ಬತ್ತುವುದಿಲ್ಲ, ನಿಜ. ಆದರೆ ಒಂದು ಶಾಲೆ, ಅದರ ಪಕ್ಕ ಒಂದು ವಿಹಾರಧಾಮ, ಅದರ ಮೇಲೆ ಒಂದು ಬಡಾವಣೆ, ಪ್ರತಿಯೊಂದೂ ತನ್ನ ಮಳೆ ತನಗೇ ಎಂದಾಗ ಕೆರೆಗೆ ಉಳಿಯುವುದು ಹೂಳು ಮಾತ್ರ. ಈ ಮಾತು ಮಳೆಕೊಯ್ಲಿನ ಭಕ್ತರಿಗೆ ರುಚಿಸಲಾರದು. ಬಾವಿಯಿಂದ ಎತ್ತಿದರೂ ದೋಷ, ಮಳೆಯನ್ನು ಹಿಡಿದರೂ ದೋಷವೆಂದರೆ ಶಾಲೆ ನಡೆಸುವುದು ಹೇಗೆಂದು ಅವರು ಕೇಳಿಯಾರು. ಅದಕ್ಕೆ ಉತ್ತರವುಂಟು: ಶೌಚಕ್ಕೂ ತೋಟಕ್ಕೂ ಒಮ್ಮೆ ಬಳಸಿದ ನೀರನ್ನೇ ಶುದ್ಧಮಾಡಿ ಮತ್ತೆ ಬಳಸುವುದು, ಹುಲ್ಲುಹಾಸಿನ ವ್ಯಾಮೋಹವನ್ನು ಬಿಡುವುದು, ತಾವು ತೆಗೆದುಕೊಂಡಷ್ಟಕ್ಕೆ ಪ್ರತಿಯಾಗಿ ಕೆಳಗಿನ ಕೆರೆಯ ಕಾಲುವೆಯನ್ನು ಪ್ರತಿವರ್ಷವೂ ಊರವರೊಡನೆ ಸೇರಿ ತೆಗೆಸುವುದು, ಕೆರೆಯ ಅಂಗಳದ ಹೂಳನ್ನು ರೈತರ ಹೊಲಕ್ಕೆ ಸೇರಿಸುವುದು. ಇದರಲ್ಲಿ ವಿಜ್ಞಾನವೂ ಇದೆ, ಗಣಿತವೂ ಇದೆ, ಪೌರನೀತಿಯೂ ಇದೆ.

ಶಿಡ್ಲಘಟ್ಟದ ಕಡೆಯ ರೇಷ್ಮೆಯ ಮನೆಯೊಂದರ ಹುಡುಗಿಗೆ ಪರಿಸರವೆಂದರೇನೆಂದು ಪುಸ್ತಕದಿಂದ ಹೇಳಿಕೊಡಬೇಕಾದುದು ಬಹಳವಿಲ್ಲ. ಪಕ್ಕದ ದ್ರಾಕ್ಷಿತೋಟದವನು ಔಷಧಿ ಹೊಡೆದ ದಿನ ಗಾಳಿ ಇತ್ತ ತಿರುಗಿದರೆ ತಮ್ಮ ಹಿಪ್ಪುನೇರಳೆಯ ಸೊಪ್ಪು ವಿಷವಾಗುವುದೆಂದೂ, ಆ ಸೊಪ್ಪನ್ನು ತಿಂದ ಹುಳು ಗೂಡು ಕಟ್ಟದೆ ತಟ್ಟೆಯಲ್ಲಿಯೇ ಸಾಯುವುದೆಂದೂ, ಹಾಗಾದ ಬೆಳೆಯ ನಷ್ಟವನ್ನು ಯಾರೂ ತುಂಬಿಕೊಡುವುದಿಲ್ಲವೆಂದೂ ಅವಳು ಬಲ್ಲಳು. ನೂಲು ಬಿಚ್ಚುವ ಮನೆಗಳಲ್ಲಿ ಗೂಡು ಬೇಯಿಸಿದ ನೀರು ಯಾವ ಚರಂಡಿಗೆ ಇಳಿಯುತ್ತದೆ, ಒಲೆಗೆ ಸೌದೆ ಎಲ್ಲಿಂದ ಬರುತ್ತದೆ, ಆ ಹೊಗೆಯಲ್ಲಿ ದಿನವಿಡೀ ಕುಳಿತವರ ಕೆಮ್ಮು ಎಂಥದೆಂಬುದೂ ಅವಳಿಗೆ ಗೊತ್ತು. ಅವಳ ಮನೆಯ ಮಾತು ಕನ್ನಡವಿರಬಹುದು, ತೆಲುಗಿರಬಹುದು, ಉರ್ದು ಇರಬಹುದು. ಹೊಂಗೆಯನ್ನು ಅವಳು ಕಾನುಗವೆಂದೂ ಕರೆಯಬಹುದು. ಕೈವಾರದ ತಾತಯ್ಯನವರು ತೆಲುಗು ಕನ್ನಡಗಳೆರಡರಲ್ಲಿಯೂ ಹಾಡಿದ ನೆಲವಿದು. ಚಿಂತಾಮಣಿಯ ಮಂಡಿಯಲ್ಲಿ ಟೊಮೆಟೊ ಬೆಲೆ ಕುಸಿದ ದಿನ ರಸ್ತೆಯ ಬದಿಗೆ ಸುರಿದ ರಾಶಿಯಲ್ಲಿ ಎಷ್ಟು ಬೋರಿನ ನೀರು, ಎಷ್ಟು ಗೊಬ್ಬರ ವ್ಯರ್ಥವಾಯಿತೆಂದು ಲೆಕ್ಕ ಹಾಕಬಲ್ಲ ಹುಡುಗರೂ ಇಲ್ಲಿಯೇ ಇದ್ದಾರೆ. ಹಸುರು ಶಾಲೆಯೊಂದಕ್ಕೆ ಇಂಥ ಮಕ್ಕಳಿಗಿಂತ ಯೋಗ್ಯರಾದ ಸಹಾಧ್ಯಾಯಿಗಳು ಎಲ್ಲಿ ದೊರೆತಾರು? ಆದರೆ ಬೇಲಿಯೊಳಕ್ಕೆ ಅವರು ಬರುವ ದಾರಿ ಮುಚ್ಚುತ್ತ ಬಂದಿದೆ. ಕಡ್ಡಾಯ ಶಿಕ್ಷಣದ 2009ರ ಕಾಯಿದೆಯು ಖಾಸಗಿ ಶಾಲೆಗಳ ನಾಲ್ಕರಲ್ಲೊಂದು ಸ್ಥಾನವನ್ನು ಬಡಮಕ್ಕಳಿಗೆಂದು ಕಾದಿರಿಸಿದ್ದರೂ, ಸಮೀಪದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆಯಿದ್ದರೆ ಖಾಸಗಿ ಶಾಲೆಯು ಆ ಸ್ಥಾನಗಳನ್ನು ಕೊಡಬೇಕಾದುದಿಲ್ಲವೆಂದು ಕರ್ನಾಟಕವು 2019ರಲ್ಲಿ ನಿಯಮವನ್ನು ತಿದ್ದಿತು. ಉಚ್ಚ ನ್ಯಾಯಾಲಯವೂ ಅದನ್ನು ಎತ್ತಿಹಿಡಿಯಿತು. ಸರ್ಕಾರಿ ಶಾಲೆಗಳು ಬರಿದಾಗಬಾರದೆಂಬ ಅದರ ಉದ್ದೇಶ ಅನುಚಿತವಾದುದೆಂದು ನಾನು ಹೇಳಲಾರೆ. ಆದರೆ ಮರುವರ್ಷ, 2020ರಲ್ಲಿ, ಕೃಷಿಕರಲ್ಲದವರೂ ಕೃಷಿಭೂಮಿಯನ್ನು ಕೊಳ್ಳಬಹುದೆಂದು ಭೂಸುಧಾರಣೆಯ ಕಾಯಿದೆ ಸಡಿಲವಾಯಿತು. ಎರಡನ್ನೂ ಒಟ್ಟಿಗೆ ನೋಡಿ: ಊರಿನ ನೆಲವು ಬೇಲಿಯ ಒಳಕ್ಕೆ ಹೋಗುವುದು ಸುಲಭವಾಯಿತು, ಊರಿನ ಮಗು ಹೋಗುವುದು ದುರ್ಲಭವಾಯಿತು.

ಈ ಜಿಲ್ಲೆಗೆ ಬೇರೆ ಬಗೆಯ ಖಾಸಗಿ ವಿದ್ಯಾಸಂಸ್ಥೆಯ ಪರಂಪರೆಯೂ ಇದೆಯೆಂಬುದನ್ನು ಮರೆಯಬಾರದು. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಹುಟ್ಟಿದ ಎಚ್. ನರಸಿಂಹಯ್ಯನವರು, ಹೈಸ್ಕೂಲು ಓದುವುದಕ್ಕಾಗಿ ಬಸ್ಸಿಗೆ ಹಣವಿಲ್ಲದೆ ಬೆಂಗಳೂರಿಗೆ ನಡೆದುಕೊಂಡೇ ಹೋದವರು; ಅಮೆರಿಕದ ಓಹಾಯೊ ಸ್ಟೇಟ್ ವಿಶ್ವವಿದ್ಯಾಲಯದಿಂದ ಪರಮಾಣು ಭೌತವಿಜ್ಞಾನದಲ್ಲಿ ಡಾಕ್ಟರೇಟು ಪಡೆದು ಮರಳಿದ ಮೇಲೆಯೂ, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿ ನಿವೃತ್ತರಾದ ಮೇಲೆಯೂ, 2005ರಲ್ಲಿ ತೀರಿಕೊಳ್ಳುವವರೆಗೆ ಬಸವನಗುಡಿಯ ನ್ಯಾಷನಲ್ ಕಾಲೇಜಿನ ವಿದ್ಯಾರ್ಥಿನಿಲಯದ ಕೊಠಡಿಯೊಂದರಲ್ಲಿ ಖಾದಿಯುಟ್ಟು ಬಾಳಿದರು. 1917ರಲ್ಲಿ ಹುಟ್ಟಿದ ನ್ಯಾಷನಲ್ ಶಿಕ್ಷಣ ಸಂಸ್ಥೆಯನ್ನು ಅವರು ತಮ್ಮ ಒಣ ಸೀಮೆಗೆ ಎಳೆದು ತಂದು ಗೌರಿಬಿದನೂರು, ಬಾಗೇಪಲ್ಲಿಗಳಲ್ಲಿ ಕಾಲೇಜುಗಳನ್ನು ಬೆಳೆಸಿದರು. ಪರಿಸರವೆಂಬ ಮಾತು ಆ ಕಾಲೇಜುಗಳ ಫಲಕದಲ್ಲಿರಲಿಲ್ಲ. ಆದರೆ ಯಾವುದನ್ನೂ ಪ್ರಶ್ನಿಸದೆ ಒಪ್ಪಬಾರದೆಂದು ಹುಡುಗರಿಗೆ ಹೇಳುತ್ತ, ಇಷ್ಟು ಕಡಿಮೆಯಲ್ಲಿ ಬದುಕಬಹುದೆಂದು ತಾವೇ ಬದುಕಿ ತೋರಿಸಿದ ಅವರ ಕೊಠಡಿಯ ಮುಂದೆ, ಹವಾನಿಯಂತ್ರಿತ ಬಸ್ಸಿನಲ್ಲಿ ಮಕ್ಕಳನ್ನು ದಿನಕ್ಕೆ ಎರಡು ಹೊತ್ತು ಐವತ್ತು ಕಿಲೋಮೀಟರು ಸಾಗಿಸುವ ಪರಿಸರಶಿಕ್ಷಣವು ನನಗೆ ಸ್ವಲ್ಪ ದುಬಾರಿಯಾಗಿಯೂ ಸ್ವಲ್ಪ ಪೊಳ್ಳಾಗಿಯೂ ಕಾಣುತ್ತದೆ.

ಪರಿಸರವನ್ನು ಎಲ್ಲ ತರಗತಿಗಳಲ್ಲಿಯೂ ಕಡ್ಡಾಯವಾಗಿ ಕಲಿಸತಕ್ಕದ್ದೆಂದು ಸರ್ವೋಚ್ಚ ನ್ಯಾಯಾಲಯವು ಎಂ. ಸಿ. ಮೆಹ್ತಾ ಅವರ ಮೊಕದ್ದಮೆಯಲ್ಲಿ 1991ರಲ್ಲಿಯೇ ಹೇಳಿದೆ. ಆದುದರಿಂದ ಕಲಿಸುವುದು ಯಾವ ಶಾಲೆಯ ವಿಶೇಷವೂ ಅಲ್ಲ. ಸೋರುವ ಹೆಂಚಿನ ಸರ್ಕಾರಿ ಶಾಲೆಯೂ ಅದನ್ನು ಕಲಿಸುತ್ತಿದೆ, ಬಿಸಿಯೂಟಕ್ಕೆಂದು ಕೈತೋಟದಲ್ಲಿ ನುಗ್ಗೆ, ಕರಿಬೇವು ಬೆಳೆಯುತ್ತಿದೆ. ವಿಶೇಷವಾಗಬೇಕಾದರೆ ಖಾಸಗಿ ಶಾಲೆ ಅದಕ್ಕಿಂತ ಹೆಚ್ಚಿನದನ್ನು ಮಾಡಬೇಕು. ಜಿಲ್ಲಾಡಳಿತಕ್ಕೆ ನನ್ನ ವಿಜ್ಞಾಪನೆ ಇಷ್ಟೆ: ಪರಿಸರದ ಹೆಸರು ಹೇಳಿ ಅನುಮತಿ ಕೇಳುವ ಶಾಲೆಯು ತನ್ನ ಕೊಳವೆಬಾವಿಗಳ ಸಂಖ್ಯೆ, ಆಳ, ತಿಂಗಳ ಬಳಕೆ, ಹೊರಬಿಡುವ ನೀರಿನ ಗತಿ, ಇವನ್ನು ಕನ್ನಡದಲ್ಲಿ ಹೆಬ್ಬಾಗಿಲ ಹೊರಗೆ, ದಾರಿಹೋಕರು ಓದುವಂತೆ, ಪ್ರತಿವರ್ಷ ಬರೆಯಿಸತಕ್ಕದ್ದೆಂದು ಷರತ್ತು ಹಾಕಿ, ಕೆಳಗಿನ ಕೆರೆಯ ಕಾಲುವೆಯ ಪಾಲನೆಯಲ್ಲಿ ಅದಕ್ಕೆ ಪಾಲು ಗೊತ್ತುಮಾಡಿ, ನೆರೆಯ ಸರ್ಕಾರಿ ಶಾಲೆಯ ಮಕ್ಕಳಿಗೆ ಅದರ ಪ್ರಯೋಗಶಾಲೆಯೂ ತೋಟವೂ ವಾರಕ್ಕೊಮ್ಮೆಯಾದರೂ ತೆರೆದಿರುವಂತೆ ನೋಡಿಕೊಳ್ಳಲಿ. ಶಾಲೆ ಕಟ್ಟುವವರಿಗೆ ಇದು ಭಾರವಾಗಲಾರದು.

ಇನ್ನು ಪೋಷಕರಿಗೊಂದು ಮಾತು. ಪ್ರವೇಶದ ಕಾಲದಲ್ಲಿ ನೀವು ಆ ಶಾಲೆಗಳನ್ನು ನೋಡಲು ಹೋದಾಗ, ಕುದುರೆಸವಾರಿ ಉಂಟೆ, ಈಜುಕೊಳವುಂಟೆ ಎಂದು ಕೇಳುವ ಮುನ್ನ, ಈ ಶಾಲೆಯ ಮಳೆಯ ನೀರು ಹರಿದು ಸೇರುವ ಕೆರೆಯ ಹೆಸರೇನೆಂದು ಮುಖ್ಯೋಪಾಧ್ಯಾಯರನ್ನು ಕೇಳಿ. ಅವರಿಗೆ ಅದು ತಿಳಿಯದಿದ್ದರೆ ಶುಲ್ಕ ಕಟ್ಟುವ ಅವಸರ ಬೇಡ.